ಮುಖ ನೋಡಿ ರೇಟು: ಮಕ್ಕಳಿಗೆ ಶಾಪಿಂಗ್ ಆ್ಯಪ್ ಕೊಡೋ ಮುಂಚೆ

ದಾವಣಗೆರೆ, ದುರ್ಗದ ಎಲ್ರಿಗೂ ನಮಸ್ಕಾರ. ನಾವು ನ್ಯೂಯಾರ್ಕಲ್ಲಿ ಇರೋರು, ಈಗ ರಜಕ್ಕೆ ದಾವಣಗೆರೆಗೆ ಬಂದೀವಿ. ಮಕ್ಕಳ ಕೈಗೆ ಶಾಪಿಂಗ್ ಆ್ಯಪ್ ಕೊಡಬೋದಾ ಅಂತ ಅಕ್ಕ ಒಬ್ರು ಕೇಳಿದ್ರಲ್ಲ, ಅದಕ್ಕೇ ಬರೀತಿದೀನಿ.

ಹೊರಡೋ ಮುಂಚೆ ಮಗಳಿಗೆ ಸ್ನೋ ಬೂಟ್ಸ್ ನೋಡ್ತಿದ್ವಿ. ನನ್ ಫೋನಲ್ಲಿ 64 ಡಾಲರ್, ನಮ್ಮನೆಯವರ ಫೋನಲ್ಲಿ 57, ಅದೇ ಸೈಜು ಅದೇ ಬಣ್ಣ, ಇಬ್ರೂ ಒಂದೇ ಸೋಫಾ ಮೇಲೆ ಕೂತಿದೀವಿ! ರೇಟಿನ ಹತ್ರ ಸಣ್ಣ ಸಾಲು ಒಂದಿತ್ತು, ನಿಮ್ಮ ವೈಯಕ್ತಿಕ ಮಾಹಿತಿ ಬಳಸಿ ಅಲ್ಗಾರಿದಂ (ತಾನೇ ಲೆಕ್ಕ ಹಾಕೋ ಕಂಪ್ಯೂಟರ್ ಪ್ರೋಗ್ರಾಂ) ಈ ಬೆಲೆ ಇಟ್ಟೈತೆ ಅಂತ. ಮಗಳು ಬೆರಳಿಟ್ಟು ಓದಿ, "ಅಮ್ಮಾ, ಅವ್ರಿಗೆ ನಿನ್ ಬಗ್ಗೆ ಏನೇನ್ ಗೊತ್ತು?" ಅಂದ್ಲು. ನನಗೆ ಉತ್ತರ ಬರ್ಲಿಲ್ಲ.

ಆ ಸಾಲು ಹಾಕ್ಲೇಬೇಕು ಅಂತ ನ್ಯೂಯಾರ್ಕಲ್ಲಿ 2025ರಲ್ಲಿ ಕಾನೂನು ಆತು, ಅಂಗಡಿಯವರ ಸಂಘ ಕೋರ್ಟಿಗೆ ಹೋದ್ರೂ ಅದನ್ನ ತಡೆಯೋಕೆ ಆಗ್ಲಿಲ್ಲ, ನವೆಂಬರಿಂದ ಜಾರಿ, ತಪ್ಪಿದ್ರೆ ಒಂದೊಂದು ಸಲಕ್ಕೂ 1,000 ಡಾಲರ್ ತನಕ ದಂಡ. ಆದ್ರೆ ಹುಷಾರು, ಹಂಗೆ ರೇಟ್ ಇಡೋದನ್ನ ಅದು ತಡಿಯಲ್ಲ, ಹೇಳಿ ಇಡ್ರಿ ಅನ್ನುತ್ತೆ ಅಷ್ಟೇ. ನನಗಂತೂ ಇದು ಸಾಲದು.

ಇಲ್ಲಿ ದಾವಣಗೆರೆ ಮಂಡಿಪೇಟೆ ಅಂಗಡಿಗಳಲ್ಲೂ ಮುಖ ನೋಡೇ ರೇಟ್ ಹೇಳ್ತಿದ್ರಲ್ಲ ಅಂತ ನಮ್ಮಣ್ಣ ವಾದ ಮಾಡ್ದ. ನಿಜ, ಆದ್ರೆ ಅಲ್ಲಿ ನಮ್ಮವ್ವ ಎದುರಿಗೇ ನಿಂತು ಚೌಕಾಸಿ ಮಾಡ್ತಿದ್ಲು, ಹೊಂದಲಿಲ್ಲ ಅಂದ್ರೆ ಚೀಲ ಎತ್ಕಂಡು ಪಕ್ಕದ ಅಂಗಡಿಗೆ ಹೊರಟೇಬಿಡ್ತಿದ್ಲು, ಅಷ್ಟರಲ್ಲಿ ಸಾವ್ಕಾರ್ರು ಬರ್ರಿ ಬರ್ರಿ ಅಂತ ಕೂಗ್ತಿದ್ರು. ಫೋನಲ್ಲಿ ಯಾರ್ ಹತ್ರ ಚೌಕಾಸಿ ಮಾಡೋದು? ಪಕ್ಕದವರಿಗೆ ಎಷ್ಟಕ್ಕೆ ಕೊಟ್ರು ಅಂತಾನೇ ಗೊತ್ತಾಗಲ್ಲ.

ಮಕ್ಕಳ ವಿಷಯದಲ್ಲಿ ನಮ್ಮ ದೇಶದ ಕಾನೂನೇ ಬಿಗಿ ಅನ್ಸುತ್ತೆ ನನಗೆ. 2023ರ ಡೇಟಾ ಸಂರಕ್ಷಣೆ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವ್ರ ಮಾಹಿತಿ ಬಳಸೋಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಮಕ್ಕಳ ಚಲನವಲನ ಹಿಂಬಾಲಿಸಿ ಜಾಹೀರಾತು ತೋರ್ಸಂಗಿಲ್ಲ. ನಿಯಮ ಬಂದಿದ್ದು 2025ರ ನವೆಂಬರಲ್ಲಿ, ಮುಖ್ಯ ಭಾಗ ಜಾರಿಗೆ ಬರೋಕೆ 18 ತಿಂಗಳು ಟೈಮ್ ಕೊಟ್ಟಾರೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಮಕ್ಕಳ ಆನ್‌ಲೈನ್ ಕಾನೂನಿನ ಕಾವಲು 13 ತುಂಬೋವರೆಗೆ ಮಾತ್ರ, ನನ್ ಮಗಳಿಗೆ ಈಗ 12.

ಅದಕ್ಕೇ ಅವಳ ಹೆಸರಲ್ಲಿ ಖಾತೆ ತೆಗ್ದಿಲ್ಲ ಅಕ್ಕ, ಲೊಕೇಶನ್ ಆಫ್ ಮಾಡೀವಿ, ಏನೇ ತಗೊಂಡ್ರೂ ಎರಡು ಫೋನಲ್ಲಿ ರೇಟ್ ನೋಡ್ತೀವಿ. ನಿನ್ನೆ ಇಲ್ಲಿ ಕಿರಾಣಿ ಅಂಗಡೀಲಿ ಬಿಸ್ಕತ್ ಪ್ಯಾಕೆಟ್ ತಿರುಗಿಸಿ ಎಂಆರ್‌ಪಿ ತೋರಿಸ್ದೆ, ಯಾರೇ ಬಂದ್ರೂ ಇದಕ್ಕಿಂತ ಜಾಸ್ತಿ ತಗೊಳಂಗಿಲ್ಲ ಅಂದೆ. ಅವಳು ಅಂಗಡೀಲಿದ್ದ ಪ್ಯಾಕೆಟ್ಟೆಲ್ಲ ಒಂದೊಂದಾಗಿ ತಿರುಗಿಸಿ ನೋಡ್ತಾ ನಿಂತ್ಲು.