ಅಪ್‌ಡೇಟ್: ರೈಸರ್ ಪ್ಯಾಡ್ ಹಾಕಿಯೇ ಜೋಡಿಸಿದೆ

ಹೊಸ ಸ್ಕೇಟ್‌ಬೋರ್ಡಿಗೆ ರೈಸರ್ ಪ್ಯಾಡ್ (ಹಲಗೆಗೂ ಟ್ರಕ್ಕಿಗೂ ನಡುವೆ ಇಟ್ಟು ಹಲಗೆಯನ್ನು ಎತ್ತರಿಸುವ ಬಿಲ್ಲೆ; ಟ್ರಕ್ ಅಂದರೆ ಚಕ್ರಗಳನ್ನು ಹಿಡಿದಿರುವ ಲೋಹದ ಭಾಗ) ಬೇಕೋ ಬೇಡವೋ ಎಂದು ಕೇಳಿದ್ದೆನಲ್ಲ, ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಹಾಕಿದೆ.

ಕೊನೆಗೆ ತೀರ್ಮಾನ ಆದದ್ದು ಚಕ್ರದಿಂದ. ಕಾರವಾರದಲ್ಲಿ ನನ್ನ ಓಡಾಟವೆಲ್ಲ ಕೋಡಿಬಾಗ ಕಡೆಯ ಒರಟು ಡಾಂಬರಿನ ಮೇಲೆ. ಅದಕ್ಕೇ 60 ಮಿ.ಮೀ.ನ 78ಎ ಗಡಸುತನದ ಮೆತ್ತನೆಯ ಚಕ್ರ ತಗೊಂಡಿದ್ದು. ಮೊದಲು ಪ್ಯಾಡ್ ಇಲ್ಲದೆ ಟ್ರಕ್ ಕೂರಿಸಿ, ನಿಂತಲ್ಲೇ ಒಂದು ಅಂಚಿಗೆ ಪೂರ್ತಿ ಭಾರ ಹಾಕಿ ನೋಡಿದೆ. ಚಕ್ರ ಹಲಗೆಗೆ ತಾಗಿತು. ವೇಗದಲ್ಲಿ ಹೀಗಾದರೆ ಚಕ್ರ ಗಕ್ಕನೆ ಹಿಡಿದು ನಾವು ಮುಂದಕ್ಕೆ ಬೀಳುತ್ತೇವೆ, ಇದನ್ನು ಹಗುರವಾಗಿ ತಗೋಬೇಡಿ. ಕಿಂಗ್‌ಪಿನ್ ನಟ್ (ಟ್ರಕ್ ಎಷ್ಟು ವಾಲುತ್ತದೆ ಎಂಬುದನ್ನು ಹಿಡಿತದಲ್ಲಿಡುವ ನಟ್) ಬಿಗಿ ಮಾಡಿದರೂ ತಾಗುವುದು ಕಡಿಮೆಯಾಗುತ್ತದೆ, ಆದರೆ ಬೋರ್ಡ್ ತಿರುಗುವುದೇ ಇಲ್ಲ. ನನಗೆ ಅದು ಬೇಡ.

1/8 ಇಂಚಿನ ಪ್ಯಾಡ್ ಸಾಕಾಯಿತು, ಅಂದರೆ ಸುಮಾರು 3 ಮಿ.ಮೀ. ಟ್ರಕ್ಕನ್ನು ಹಲಗೆಗೆ ಬಿಗಿಯುವ ಬೋಲ್ಟ್ ಮಾತ್ರ ಉದ್ದದ್ದು ಬೇಕು: ನಟ್ಟಿನೊಳಗಿನ ನೈಲಾನ್ ಬಳೆ ದಾಟಿ ಥ್ರೆಡ್ ಹೊರಬರಲೇಬೇಕು, ಇಲ್ಲದಿದ್ದರೆ ನಡುಕಕ್ಕೆ ಸಡಿಲವಾಗುತ್ತದೆ. 1 ಇಂಚಿನವು ಸಾಲಲಿಲ್ಲ, 1¼ ಇಂಚಿನವು ತರಿಸಿದೆ.

ತಂಗಿಯ ಬೋರ್ಡಿಗೆ ಹಾಕಲಿಲ್ಲ. ಅವಳದು 52 ಮಿ.ಮೀ. ಗಟ್ಟಿ ಚಕ್ರ, ಎಲ್ಲೂ ತಾಗುವುದಿಲ್ಲ. ಟ್ರಿಕ್ ಕಲಿಯುವವಳಿಗೆ ಬೋರ್ಡ್ ತಗ್ಗಿದ್ದಷ್ಟೂ ಒಳ್ಳೆಯದು.