ಖಾಲಿ ಕೇಸ್ ಹೆಕ್ಕುವ ಆಟಗಾರನಿಗೆ ಎಲ್ಲಿ ಬ್ರೇಕ್ ಹಾಕಲಿ?

ಪಗಡೆಮಾವ:
ಶನಿವಾರ ರಾತ್ರಿ ನಾವು ಐದು ಜನ ಟೇಬಲ್‌ಟಾಪ್ ಆಡುತ್ತೇವೆ, ಮೇಜಿನ ಸುತ್ತ ಕೂತು, ಡೈಸ್ ಉರುಳಿಸಿ, ಒಬ್ಬೊಬ್ಬರು ಒಂದು ಪಾತ್ರವಾಗಿ ಕಥೆ ನಡೆಸುವ ಆಟ. ಯುದ್ಧದಲ್ಲಿ ಎಲ್ಲ ನಾಶವಾಗಿ 20 ವರ್ಷ ಆದಮೇಲಿನ ಕಥೆ. ಆಟ ನಡೆಸುವವನು ನಾನು. ಒಬ್ಬ ಆಟಗಾರ ಫಾಲ್‌ಔಟ್: ನ್ಯೂ ವೇಗಸ್ ಅನ್ನೋ ವಿಡಿಯೋ ಗೇಮ್ ಆಡಿ ಆಡಿ ಬಂದವನು. ಅಲ್ಲಿ ರೀಲೋಡಿಂಗ್ ಬೆಂಚ್ ಮುಂದೆ ನಿಂತು ಕೇಸ್ (ತೋಟಾದ ಲೋಹದ ಕವಚ), ಪ್ರೈಮರ್ (ಪೆಟ್ಟು ಬಿದ್ದಾಗ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ), ಮದ್ದು, ಸೀಸ ಸೇರಿಸಿದರೆ ಹೊಸ ತೋಟಾ ರೆಡಿ, ಅಲ್ವಾ? ಇಲ್ಲೂ ಪ್ರತಿ ಕಾಳಗ ಮುಗಿದ ತಕ್ಷಣ "ಖಾಲಿ ಕೇಸ್ ಎಷ್ಟು ಸಿಕ್ಕಿತು?" ಅಂತಾನೆ. ಅವನ ನೋಟ್‌ಬುಕ್‌ನಲ್ಲಿ ಈಗ 143 ಇದೆ. ಹೋದ ವಾರ "ಕಾರಿನ ಬ್ಯಾಟರಿ ಒಡೆದು ಸೀಸ ತೆಗೆದೆ, ಇದ್ದಿಲು ಗಂಧಕ ಕಲಸಿ ಮದ್ದು ಮಾಡಿದೆ, 143 ತೋಟಾ ಕೊಡು" ಅಂತ ಪಟ್ಟು ಹಿಡಿದು ಕೂತ. ಇದು ನಿಜವಾಗಿ ಆಗುವ ಕೆಲಸವಾ?

ಕಾಫಿಕಣಿವೆ:
ಇದ್ದಿಲು, ಗಂಧಕ ಸರಿ. ಪೆಟ್ಲುಪ್ಪು ಎಲ್ಲಿ? ಕರಿಮದ್ದಿನಲ್ಲಿ ಬಹುಪಾಲು ಅದೇ. ಮೊದಲು ಅದನ್ನು ಕೇಳಿ.

ಆದರೆ ನಿಜವಾದ ಬ್ರೇಕ್ ಇರುವುದು ಕೇಪಿನಲ್ಲಿ. ನೀವು ಪ್ರೈಮರ್ ಅನ್ನುತ್ತೀರಲ್ಲ, ಅದರ ಅಜ್ಜ ಅಂತ ಇಟ್ಟುಕೊಳ್ಳಿ. ನಾನು ಮೂಡಿಗೆರೆ ಕಡೆಯವನು. ನಮ್ಮಜ್ಜನ ಹತ್ತಿರ ಕೇಪಿನ ಕೋವಿ ಇತ್ತು, ನಳಿಗೆಯ ಬಾಯಿಂದ ಈಡು ತುಂಬುವಂಥದ್ದು. ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಗುದ್ದಿ, ಚರೆ ಹಾಕಿ, ಮೇಲೆ ಮತ್ತೆ ನಾರು. ಚರೆ ಮುಗಿದರೆ ಅಜ್ಜ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮೀನಿನ ಬಲೆಯ ಸೀಸವನ್ನೇ ತುಂಡು ಮಾಡುತ್ತಿದ್ದರು. ಕೇಪು ಮಾತ್ರ ಎಣಿಸಿಡುತ್ತಿದ್ದರು. ಮಳೆಗಾಲದ ತಂಡಿ ತಾಗಬಾರದು ಅಂತ ಚಿಕ್ಕ ಡಬ್ಬಿಯಲ್ಲಿ ಹಾಕಿ, ಅಕ್ಕಿ ಡ್ರಮ್ಮಿನೊಳಗೆ ಹುದುಗಿಸುತ್ತಿದ್ದರು. ಒಂದು ಆಷಾಢದಲ್ಲಿ ಗದ್ದೆಗೆ ಹಂದಿ ಇಳಿಯಿತು. ಬೆದರಿಸೋಣ ಅಂತ ಹೋಗಿ ಟ್ರಿಗರ್ ಎಳೆದರೆ "ಟಿಕ್" ಅಂತು, ಅಷ್ಟೆ. ಹಂದಿ ತಲೆ ಎತ್ತಿ ನೋಡಿತು, ಮತ್ತೆ ಮೇಯತೊಡಗಿತು.

ಪೆಟ್ಟು ಬಿದ್ದರೆ ಹೊತ್ತಿಕೊಳ್ಳುವ ಆ ರಸಾಯನ ಮನೆಯಲ್ಲಿ ಕಲಸುವಂಥದ್ದಲ್ಲ. ಹಳೇ ಕೇಪುಗಳಲ್ಲಿ ಇರುತ್ತಿದ್ದುದು ಪಾದರಸದ ಫಲ್ಮಿನೇಟ್. 1800ರಲ್ಲಿ ಅದರ ಬಗ್ಗೆ ಬರೆದ ಬ್ರಿಟಿಷ್ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಹೊವಾರ್ಡ್ ಅವರೇ ಪ್ರಯೋಗದಲ್ಲಿ ಗಾಯ ಮಾಡಿಕೊಂಡಿದ್ದರು. ನಿಮ್ಮ ಹುಡುಗ ಗುಹೆಯಲ್ಲಿ ಕೂತು ಮಾಡುತ್ತಾನಂತಾ? ಬೆರಳಿಗೊಂದು ಡೈಸ್ ಹಾಕಿಸಿ.

ಬಕೆಟ್‌ತುಂಬ:
ನಾನಿರುವುದು ಟೆಕ್ಸಾಸ್‌ನಲ್ಲಿ. ಗ್ಯಾರೇಜಿನಲ್ಲಿ ಪ್ರೆಸ್ ಇದೆ, ಖಾಲಿ ಕೇಸಿಗೆ ಮತ್ತೆ ಮದ್ದು ಗುಂಡು ತುಂಬಿ ರೀಲೋಡ್ ಮಾಡುತ್ತೇನೆ. ಕಾಫಿಕಣಿವೆ ಹೇಳಿದ್ದು ನೂರಕ್ಕೆ ನೂರು ಸರಿ. 2020–21ರಲ್ಲಿ ಇಲ್ಲಿ ಅಂಗಡಿಗಳಲ್ಲಿ ಪ್ರೈಮರ್ ಕಣ್ಣಿಗೆ ಬೀಳಲಿಲ್ಲ. ನನ್ನ ಹತ್ತಿರ ಬಕೆಟ್ ತುಂಬ ಕೇಸ್, ಬೇಕಾದಷ್ಟು ಮದ್ದು. ಸುಮ್ನೆ ನೋಡ್ತಾ ಕೂತಿದ್ದೆ. ಪ್ರಳಯ ಆಗದೇ ಈ ಗತಿ.

ಇನ್ನೊಂದು. ಆ 143ರಲ್ಲಿ ಹಿತ್ತಾಳೆಯವು ಎಷ್ಟು? ಎಕೆ ತೋಟಾದ ಕೇಸ್ ಜಾಸ್ತಿ ಉಕ್ಕಿನದು, ಅದೂ ಬರ್ಡನ್ ಪ್ರೈಮರಿನದು. ಪ್ರೈಮರಿನಲ್ಲಿ ಎರಡು ಬಗೆ, ಬಾಕ್ಸರ್ ಮತ್ತು ಬರ್ಡನ್. ಬಾಕ್ಸರ್ ಕೇಸಿನಲ್ಲಿ ನಡುವೆ ಒಂದೇ ತೂತು, ಸೂಜಿ ತೂರಿಸಿ ಹಳೇ ಪ್ರೈಮರ್ ತಳ್ಳಬಹುದು. ಬರ್ಡನ್‌ನಲ್ಲಿ ಪಕ್ಕಕ್ಕೆ ಎರಡು ಸಣ್ಣ ತೂತು, ಸೂಜಿ ಇಳಿಯುವುದಿಲ್ಲ. ಹಿತ್ತಾಳೆಯಾದರೂ ನಾಲ್ಕಾರು ಸಲ ಆದಮೇಲೆ ಕುತ್ತಿಗೆ ಬಿರುಕು ಬಿಡುತ್ತದೆ. ಕರಿಮದ್ದು ಹಾಕಿದರೆ ಆಟೊಮ್ಯಾಟಿಕ್ ಬಂದೂಕಿಗೆ ಮಸಿ ಕಟ್ಟಿ ಜಾಮ್. ಹೊಗೆ ಬೇರೆ. ನೀವು ಎಲ್ಲಿದ್ದೀರಿ ಅಂತ ಊರಿಗೆಲ್ಲ ಗೊತ್ತು.

ಅರೆನಿದ್ದೆ:
ಇಷ್ಟೆಲ್ಲ ಯಾಕ್ರೀ? ಆಟ ಆಡೋಕೆ ಬರೋದಾ, ಕಿರಾಣಿ ಲೆಕ್ಕ ಬರೆಯೋಕಾ? ದಿ ಬ್ಲ್ಯಾಕ್ ಹ್ಯಾಕ್ ಅನ್ನೋ ಟೇಬಲ್‌ಟಾಪ್ ಆಟದ ಹಾಗೆ ಮಾಡಿ. ತೋಟಾಕ್ಕೆ ಒಂದು ಎಂಟು ಮುಖದ ಡೈಸ್. ಕಾಳಗ ಆದಮೇಲೆ ಉರುಳಿಸಿ. 1 ಅಥವಾ 2 ಬಿದ್ದರೆ ಆರು ಮುಖಕ್ಕೆ ಇಳಿಸಿ, ಆಮೇಲೆ ನಾಲ್ಕಕ್ಕೆ. ಅಲ್ಲೂ ಬಿದ್ದರೆ ಮುಗೀತು.

ಪಗಡೆಮಾವ:
ಅರೆನಿದ್ದೆ, ಉಳಿದ ಮೂವರಿಗೆ ನಿಮ್ಮ ಡೈಸೇ ಇಟ್ಟೆ. ಇವನಿಗೆ ಮಾತ್ರ ಲೆಕ್ಕವೇ ಇಷ್ಟ, ಬೇಡ ಅಂದರೆ ಮುಖ ಊದಿಸುತ್ತಾನೆ. ನಿನ್ನೆ ಹೇಳಿದೆ: ಕೇಸ್ ಎಷ್ಟಾದರೂ ಹೆಕ್ಕು, ನಾನು ಎಣಿಸುವುದು ಕೇಪು ಮಾತ್ರ, ನಿನ್ನ ಹತ್ತಿರ ಇರುವುದು 9, ಮಳೆ ಶುರುವಾಗಿದೆ. ಎರಡು ನಿಮಿಷ ಸುಮ್ಮನಿದ್ದ. ಆಮೇಲೆ ಕೇಳಿದ: "ಇಲ್ಲಿ ಹತ್ತಿರದಲ್ಲಿ ಅಕ್ಕಿ ಎಲ್ಲಿ ಸಿಗುತ್ತೆ?"

ಈ ಪುಟ ಓದಿದ್ದಾನೆ ಕಳ್ಳ.