ಸಹಾಯ ಬೇಕು: ಮೂಗು ತೊಳೆದ ಮೇಲೆ ಕಿವಿ ಕಟ್ಟಿಕೊಳ್ಳುತ್ತಿದೆ

ಎಲ್ಲರಿಗೂ ನಮಸ್ಕಾರ. ಧೂಳಿನ ಅಲರ್ಜಿ ನನಗೆ. ಬೆಳಗಾದರೆ ಸಾಲುಸಾಲು ಸೀನು, ಹುಬ್ಬುಗಳ ನಡುವೆ ಭಾರ. ಡಾಕ್ಟರ್ ಹೇಳಿದಂತೆ 10 ದಿನಗಳಿಂದ ಒತ್ತುವ ಬಾಟಲಿಯಿಂದ ಉಪ್ಪುನೀರು ಬಿಟ್ಟು ಮೂಗು ತೊಳೆಯುತ್ತಿದ್ದೇನೆ. ಕುದಿಸಿ ಆರಿಸಿದ 240 ಮಿ.ಲೀ. ನೀರು, ಅಯೋಡಿನ್ ಇಲ್ಲದ ಉಪ್ಪು ಅರ್ಧ ಟೀ ಚಮಚ, ಚಿಟಿಕೆ ಅಡುಗೆ ಸೋಡಾ. (ನಲ್ಲಿ ನೀರನ್ನು ಹಾಗೇ ಯಾರೂ ಬಳಸಬೇಡಿ. ಅಪರೂಪವಾದರೂ ಅದರಲ್ಲಿ ಮಿದುಳಿಗೇರುವ ಅಮೀಬಾ ಇರಬಹುದು, ಜೀವಕ್ಕೇ ಅಪಾಯ.)

ನಿಜಕ್ಕೂ ಹಗುರಾಗಿದೆ, ರಾತ್ರಿ ಬಾಯಿ ತೆರೆದು ಮಲಗುವುದು ತಪ್ಪಿದೆ. ಆದರೆ ಎಡಮೂಗು ಪೂರ್ತಿ ಕಟ್ಟಿದ ದಿನ ಒಂದು ಹೊಳ್ಳೆಗೆ ಬಿಟ್ಟ ನೀರು ಇನ್ನೊಂದರಿಂದ ಇಳಿಯದೆ ಗಂಟಲಿಗೆ ಬರುತ್ತದೆ, ಎಡಗಿವಿ ಗಂಟೆಗಟ್ಟಲೆ ಗುಂಯ್ ಅನ್ನುತ್ತದೆ. ನಿನ್ನೆ ಚಪ್ಪಲಿ ಹಾಕಲು ಬಗ್ಗಿದಾಗ ಮೂಗಿನಿಂದ ನೀರು ತೊಟತೊಟ ಸುರಿಯಿತು!

ಬಾಟಲಿ ಜೋರಾಗಿ ಒತ್ತುತ್ತಿದ್ದೇನಾ? ತಲೆ ಎಷ್ಟು ವಾಲಿಸಬೇಕು? ಹೀಗೆ ಕಟ್ಟಿದ ದಿನ ತೊಳೆಯದೆ ಬಿಡುವುದೇ ಒಳ್ಳೆಯದಾ? ಅನುಭವವಿದ್ದವರು ದಯವಿಟ್ಟು ತಿಳಿಸಿ.